ಬೆಟ್ಸ್ ಹೋದರು, ಡೆವರ್ಸ್ ಹೋದರು: ಇದು ಟ್ರೇಡೋ, ಮಾರಾಟವೋ?

ಪ್ರಶ್ನೆ: ನಮಸ್ಕಾರ ಸರ್. ನಾವು ಶಿವಮೊಗ್ಗ ಕಡೆಯವರು, ಈಗ ಬಾಸ್ಟನ್ ಹತ್ತಿರ ಇದ್ದೇವೆ. ಮಗನಿಗೆ 11 ವರ್ಷ. ಇಲ್ಲಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್ ಅಂದ್ರೆ ಪ್ರಾಣ. ಅವನಿಗೆ ಮೊದಲು ಕೊಡಿಸಿದ್ದು ಮೂಕಿ ಬೆಟ್ಸ್ ಜೆರ್ಸಿ. 2020ರಲ್ಲಿ ಬೆಟ್ಸ್ ಅವರನ್ನು ಲಾಸ್ ಏಂಜಲೀಸ್‌ಗೆ ಕಳಿಸಿದರು. ಆಮೇಲೆ ರಫಾಯೆಲ್ ಡೆವರ್ಸ್ ಜೆರ್ಸಿ ಕೊಡಿಸಿದೆವು, ಅವರದು ಹತ್ತು ವರ್ಷದ ಕರಾರು ಅಂತ ಧೈರ್ಯ. 2025ರ ಜೂನ್‌ನಲ್ಲಿ ಅವರನ್ನೂ ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸಿಬಿಟ್ಟರು. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ತಲೆಗೇ ಹೋಗುವುದಿಲ್ಲ. ಆಟಗಾರರನ್ನು ಒಂದು ಮಾತೂ ಕೇಳದೆ ಹೀಗೆ ಕಳಿಸಬಹುದಾ? ಇಷ್ಟು ಚೆನ್ನಾಗಿ ಆಡುವವರನ್ನು ಯಾಕೆ ಬಿಡುತ್ತಾರೆ? ಮಗ ಈಗ ಯಾರ ಜೆರ್ಸಿ ಹಾಕಬೇಕು?

ಉತ್ತರ: ಹೌದು, ಕೇಳದೆಯೇ ಕಳಿಸಬಹುದು. ಡೆವರ್ಸ್ ವಿಷಯದಲ್ಲಿ ಆಗಿದ್ದೂ ಅದೇ. 2025ರ ಜೂನ್ 15, ಭಾನುವಾರ. ಬಾಸ್ಟನ್ ತನ್ನ ಮೈದಾನ ಫೆನ್ವೇ ಪಾರ್ಕ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಮೇಲೆ ಮೂರಕ್ಕೆ ಮೂರೂ ಪಂದ್ಯ ಗೆದ್ದ ದಿನ. ಆವತ್ತು ಡೆವರ್ಸ್ ಕೂಡ ಒಂದು ಹೋಮ್ ರನ್ ಹೊಡೆದಿದ್ದರು. ಬಾಸ್ಟನ್ ಊರೇ ಖುಷಿಯಲ್ಲಿತ್ತು. ಸಂಜೆ ಹೊತ್ತಿಗೆ ಅವರು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಆಟಗಾರ. ಟ್ರೇಡ್, ಅಂದರೆ ತಂಡಗಳ ನಡುವೆ ಆಟಗಾರರ ಅದಲುಬದಲು, ಆದ ಮೇಲೆ ಹೊಸ ತಂಡ ಸೇರಲು ನಿಯಮದ ಪ್ರಕಾರ ಸಿಗುವುದು 72 ಗಂಟೆ. ಮನೆ, ಮಕ್ಕಳ ಶಾಲೆ, ಕಾರು, ಇವೆಲ್ಲ ಆಮೇಲಿನ ಮಾತು.

ನಮ್ಮ ಕಡೆಯವರಿಗೆ ಇದು ವಿಚಿತ್ರ ಅನಿಸುವುದು ಸಹಜ. ಐಪಿಎಲ್‌ನಲ್ಲೂ ಟ್ರೇಡ್ ಉಂಟು. 2009ರಲ್ಲೇ ನಮ್ಮ ಆರ್‌ಸಿಬಿ ಜಹೀರ್ ಖಾನ್ ಅವರನ್ನು ಮುಂಬೈಗೆ ಕೊಟ್ಟು ರಾಬಿನ್ ಉತ್ತಪ್ಪ ಅವರನ್ನು ತಂದಿತ್ತು. ಆದರೆ ಅಲ್ಲಿ ಆಟಗಾರನ ಒಪ್ಪಿಗೆ ಬೇಕು. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಬೇಡ. ಕರಾರು ಆಟಗಾರ ಮತ್ತು ತಂಡದ ನಡುವೆ ಆಗಿರುತ್ತದೆ, ನಿಜ. ಆದರೆ ತಂಡ ಆ ಕರಾರನ್ನು ಹಾಗೇ ಎತ್ತಿ ಇನ್ನೊಂದು ತಂಡಕ್ಕೆ ದಾಟಿಸಬಹುದು. ಹತ್ತು ವರ್ಷದ ಕರಾರು ಅಂದರೆ ಹತ್ತು ವರ್ಷ ಸಂಬಳ ಗ್ಯಾರಂಟಿ. ಹತ್ತು ವರ್ಷ ಬಾಸ್ಟನ್ ಗ್ಯಾರಂಟಿ ಅಲ್ಲ.

ತಪ್ಪಿಸಿಕೊಳ್ಳಲು ಎರಡು ದಾರಿ ಇವೆ. ಒಂದು, ಕರಾರಿಗೆ ಸಹಿ ಹಾಕುವಾಗಲೇ 'ನನ್ನನ್ನು ಟ್ರೇಡ್ ಮಾಡುವಂತಿಲ್ಲ' ಅಂತ ಬರೆಸಿಕೊಳ್ಳುವುದು. ಡೆವರ್ಸ್ ಬರೆಸಿಕೊಂಡಿರಲಿಲ್ಲ. ಇನ್ನೊಂದು, ಮೇಜರ್ ಲೀಗ್‌ನಲ್ಲಿ 10 ವರ್ಷ ಆಡಿರಬೇಕು, ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿ ಇರಬೇಕು. ಆಗ ಯಾವ ಟ್ರೇಡನ್ನಾದರೂ ಆಟಗಾರ ಬೇಡ ಅನ್ನಬಹುದು. ಡೆವರ್ಸ್ ಮೇಜರ್ ಲೀಗ್‌ಗೆ ಬಂದಿದ್ದು 2017ರ ಜುಲೈನಲ್ಲಿ. ಬಾಸ್ಟನ್‌ನಲ್ಲೇ ಇದ್ದಿದ್ದರೆ 2027ಕ್ಕೆ ಆ ಹಕ್ಕು ಕೈಗೆ ಬರುತ್ತಿತ್ತು. ಇದು ತಂಡದ ಆಫೀಸಿನವರಿಗೆ ಗೊತ್ತಿಲ್ಲದ ವಿಷಯ ಏನಲ್ಲ.

ಈ 10-5 ನಿಯಮದ ಹಿಂದೆ ಒಬ್ಬ ಮನುಷ್ಯನ ಬದುಕೇ ಇದೆ. ನಿಮ್ಮ ಮಗನಿಗೆ ಯಾವುದಾದರೂ ಒಂದು ಹಳೆಯ ಕಥೆ ಹೇಳುವುದಾದರೆ ಇದನ್ನೇ ಹೇಳಿ.

ಕರ್ಟ್ ಫ್ಲಡ್ ಅಂತ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಸೆಂಟರ್ ಫೀಲ್ಡರ್. 12 ವರ್ಷ ಅಲ್ಲಿ ಆಡಿದರು. ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಸತತ 7 ಸಲ ಗೆದ್ದವರು. 1969ರ ಅಕ್ಟೋಬರ್‌ನಲ್ಲಿ ಅವರನ್ನು ಫಿಲಡೆಲ್ಫಿಯಾಗೆ ಟ್ರೇಡ್ ಮಾಡಿದರು. ಆ ಕಾಲದಲ್ಲಿ ಕರಾರು ಮುಗಿದರೂ ಆಟಗಾರ ತಂಡದ ಸ್ವತ್ತೇ. ಬೇರೆ ತಂಡ ಹುಡುಕಿಕೊಳ್ಳುವ ಹಕ್ಕೇ ಇರಲಿಲ್ಲ. ಫ್ಲಡ್ ಹೋಗಲಿಲ್ಲ. ಕ್ರಿಸ್‌ಮಸ್‌ಗೆ ಒಂದು ದಿನ ಮೊದಲು ಕಮಿಷನರ್ ಬೋವಿ ಕುನ್ ಅವರಿಗೆ ಪತ್ರ ಬರೆದರು. ನಾನು ಕೊಂಡು ಮಾರುವ ಸರಕಲ್ಲ, ನನಗೂ ಬೇರೆ ತಂಡಗಳ ಜೊತೆ ಮಾತಾಡುವ ಅವಕಾಶ ಕೊಡಿ ಅಂತ ಅದರ ತಿರುಳು. ಕಮಿಷನರ್ ಆಗಲ್ಲ ಅಂದರು. ಫ್ಲಡ್ ಕೋರ್ಟಿಗೆ ಹೋದರು. ವರ್ಷಕ್ಕೆ 90,000 ಡಾಲರ್ ಸಂಬಳ ತರುತ್ತಿದ್ದವರು 1970ರ ಇಡೀ ಸೀಸನ್ ಆಡದೆ ಕೂತರು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1972ರಲ್ಲಿ 5-3ರಿಂದ ಸೋತರು. ನಡುವೆ 1971ರಲ್ಲಿ ವಾಷಿಂಗ್ಟನ್ ತಂಡಕ್ಕೆ 13 ಪಂದ್ಯ ಆಡಿದ್ದೇ ಕೊನೆ, ಆಟ ಅಲ್ಲಿಗೆ ಮುಗಿಯಿತು.

ಆದರೆ ಅವರು ಎಬ್ಬಿಸಿದ ಗಲಾಟೆ ಸುಮ್ಮನೆ ಹೋಗಲಿಲ್ಲ. ಮಾರ್ವಿನ್ ಮಿಲ್ಲರ್ ನಡೆಸುತ್ತಿದ್ದ ಆಟಗಾರರ ಸಂಘ ಮೊದಲು ಈ 10-5 ಹಕ್ಕನ್ನು ಪಡೆಯಿತು. 1975ರ ಡಿಸೆಂಬರ್‌ನಲ್ಲಿ ಆಂಡಿ ಮೆಸ್ಸರ್‌ಸ್ಮಿತ್, ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರ್‌ಗಳ (ಚೆಂಡು ಎಸೆಯುವವರ) ವಿವಾದದಲ್ಲಿ ಮಧ್ಯಸ್ಥಗಾರರು ಆಟಗಾರರ ಪರ ತೀರ್ಪು ಕೊಟ್ಟರು. ಅಲ್ಲಿಂದ ಫ್ರೀ ಏಜೆನ್ಸಿ ಶುರು. ಈಗ 6 ವರ್ಷ ಆಡಿ ಕರಾರು ಮುಗಿಸಿದವರು ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಹುವಾನ್ ಸೋಟೋ 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್‌ನಿಂದ 15 ವರ್ಷಕ್ಕೆ 76.5 ಕೋಟಿ ಡಾಲರ್ ಪಡೆದರು. ಅದರ ಬೇರು ಹುಡುಕಿದರೆ ಫ್ಲಡ್ ಪತ್ರಕ್ಕೇ ಹೋಗಿ ನಿಲ್ಲುತ್ತದೆ. ಫ್ಲಡ್ ಅವರನ್ನು ಇನ್ನೂ ಹಾಲ್ ಆಫ್ ಫೇಮ್‌ಗೆ ಸೇರಿಸಿಲ್ಲ. ನನ್ನ ಪ್ರಕಾರ ಇದು ದೊಡ್ಡ ಅನ್ಯಾಯ.

ಈಗ ಎರಡನೇ ಪ್ರಶ್ನೆ. ಒಳ್ಳೆಯವರನ್ನು ಯಾಕೆ ಬಿಡುತ್ತಾರೆ?

ಟ್ರೇಡ್ ಅಂದ ಕೂಡಲೇ ಬೈಯುವವನು ನಾನಲ್ಲ. 1990ರ ದಶಕದಿಂದ ಈ ಆಟ ನೋಡುತ್ತಿದ್ದೇನೆ, ಟ್ರೇಡ್ ಇಲ್ಲದಿದ್ದರೆ ಅರ್ಧ ಮಜಾನೇ ಇರುವುದಿಲ್ಲ ಅನಿಸುತ್ತದೆ. ನಿಮ್ಮ ರೆಡ್ ಸಾಕ್ಸ್ 86 ವರ್ಷ ಕಾದು 2004ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತಲ್ಲ, ಆ ತಂಡ ಕಟ್ಟಿದ್ದೇ ಟ್ರೇಡ್‌ಗಳಿಂದ. ಪೆಡ್ರೋ ಮಾರ್ಟಿನೆಜ್ 1997ರಲ್ಲಿ ಮಾಂಟ್ರಿಯಾಲ್‌ನಿಂದ ಟ್ರೇಡ್‌ನಲ್ಲಿ ಬಂದವರು. 1999ರಲ್ಲಿ ಅವರು 23 ಪಂದ್ಯ ಗೆದ್ದು 4 ಸೋತರು, 313 ಸ್ಟ್ರೈಕ್‌ಔಟ್ ಮಾಡಿದರು. ಬ್ಯಾಟರ್‌ಗಳು ಸಿಕ್ಕಾಪಟ್ಟೆ ರನ್ ಸೂರೆ ಮಾಡುತ್ತಿದ್ದ ಕಾಲ ಅದು. ಅಂಥದ್ದರಲ್ಲಿ ಈ ಸಣಕಲು ಮನುಷ್ಯ 2.07 ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ ಸರಾಸರಿ) ಇಟ್ಟುಕೊಂಡಿದ್ದರು. ಅದಕ್ಕಿಂತ ಚೆಂದದ ಪಿಚಿಂಗ್ ನಾನು ನೋಡಿಲ್ಲ. ಕ್ಯಾಚರ್ ಜೇಸನ್ ವ್ಯಾರಿಟೆಕ್ ಮತ್ತು ಪಿಚರ್ ಡೆರೆಕ್ ಲೋ ಇಬ್ಬರೂ ಒಂದೇ ಟ್ರೇಡ್‌ನಲ್ಲಿ ಸಿಯಾಟಲ್‌ನಿಂದ ಬಂದರು. ಬದಲಿಗೆ ಕೊಟ್ಟಿದ್ದು ಹೀತ್‌ಕ್ಲಿಫ್ ಸ್ಲೊಕಂಬ್ ಎಂಬ ಒಬ್ಬ ಪಿಚರ್‌ನನ್ನು, ಅಷ್ಟೇ. ಸಿಯಾಟಲ್‌ನವರ ಮುಂದೆ ಇವತ್ತಿಗೂ ಆ ಹೆಸರು ಎತ್ತಬೇಡಿ.

ಅದೇ 2004ರ ಜುಲೈ 31ರಂದು ಬಾಸ್ಟನ್ ತನ್ನ ಕಣ್ಮಣಿ ನೊಮಾರ್ ಗಾರ್ಸಿಯಪಾರ ಅವರನ್ನು ಶಿಕಾಗೋ ಕಬ್ಸ್‌ಗೆ ಕಳಿಸಿತು. ಎರಡು ಸಲ ಬ್ಯಾಟಿಂಗ್ ಸರಾಸರಿಯಲ್ಲಿ ಲೀಗ್‌ಗೇ ಮೊದಲಿಗರಾಗಿದ್ದ ಶಾರ್ಟ್‌ಸ್ಟಾಪ್, ಅಂದರೆ ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್. ಊರಿನ ಮಕ್ಕಳೆಲ್ಲ ಅವರ ಥರ ಗ್ಲವ್ ಎಳೆದೆಳೆದು ಬ್ಯಾಟ್ ಮಾಡುತ್ತಿದ್ದ ಕಾಲ. ಬಂದವರು ಒರ್ಲಾಂಡೋ ಕಬ್ರೆರಾ ಮತ್ತು ಡಗ್ ಮಿಂಟ್‌ಕೇವಿಚ್. ಹೆಸರಲ್ಲಿ ನೊಮಾರ್ ಪಕ್ಕ ನಿಲ್ಲುವವರಲ್ಲ, ಆದರೆ ಇಬ್ಬರೂ ಗಟ್ಟಿ ಫೀಲ್ಡರ್‌ಗಳು. ತಂಡಕ್ಕೆ ಬೇಕಿದ್ದದ್ದೂ ಅದೇ. ಅದೇ ದಿನ ಸದ್ದಿಲ್ಲದೆ ಇನ್ನೊಂದು ಟ್ರೇಡ್ ಆಯಿತು. ಲಾಸ್ ಏಂಜಲೀಸ್ ಡಾಡ್ಜರ್ಸ್‌ನಿಂದ ಡೇವ್ ರಾಬರ್ಟ್ಸ್ ಬಂದರು. ಓಟ ಬಿಟ್ಟರೆ ಅವರಿಂದ ಬೇರೆ ಏನನ್ನೂ ಯಾರೂ ನಿರೀಕ್ಷಿಸಿರಲಿಲ್ಲ. ಅಕ್ಟೋಬರ್‌ನಲ್ಲಿ ಅಮೆರಿಕನ್ ಲೀಗ್ ಫೈನಲ್‌ನಲ್ಲಿ ಯಾಂಕೀಸ್ ಎದುರು ಮೊದಲ ಮೂರು ಪಂದ್ಯ ಸೋತು, ನಾಲ್ಕನೆಯದರಲ್ಲೂ ಒಂಬತ್ತನೇ ಇನ್ನಿಂಗ್ಸ್‌ಗೆ ಒಂದು ರನ್ ಹಿಂದಿದ್ದಾಗ, ಪಿಚರ್ ಮರಿಯಾನೋ ರಿವೆರಾ. ಎಲ್ಲರಿಗೂ ಗೊತ್ತು ರಾಬರ್ಟ್ಸ್ ಓಡುತ್ತಾರೆ ಅಂತ. ಓಡಿದರು, ಸೆಕೆಂಡ್ ಬೇಸ್ ಕದ್ದರು, ಮರುಗಳಿಗೆಯಲ್ಲೇ ರನ್ನೂ ಆಯಿತು. ಅಲ್ಲಿಂದ ಬಾಸ್ಟನ್ ಒಂದೂ ಪಂದ್ಯ ಸೋಲಲಿಲ್ಲ. ಆ ರಾಬರ್ಟ್ಸ್ ಅವರೇ ಈಗ ಡಾಡ್ಜರ್ಸ್ ಮ್ಯಾನೇಜರ್, ಬೆಟ್ಸ್ ಆಡುವುದು ಅವರ ಕೈಕೆಳಗೆ. ಈ ಆಟದಲ್ಲಿ ಲೆಕ್ಕ ಹೀಗೆಲ್ಲ ಸುತ್ತಿ ಬರುತ್ತದೆ.

ಹಾಗಾಗಿ 'ದೊಡ್ಡವರನ್ನು ಕೊಟ್ಟರು, ಚಿಕ್ಕವರನ್ನು ತಂದರು' ಅನ್ನುವುದರಿಂದಲೇ ಟ್ರೇಡ್ ಕೆಟ್ಟದಾಗುವುದಿಲ್ಲ. ಹತ್ತು ವರ್ಷ ಆದ ಮೇಲೆ ಅಂಕಿ ಅಂಶ ಹರವಿಕೊಂಡು ತೀರ್ಪು ಕೊಡುವುದೂ ನನಗೆ ಇಷ್ಟವಿಲ್ಲ. 1987ರಲ್ಲಿ ಡೆಟ್ರಾಯಿಟ್ ಟೈಗರ್ಸ್ ಒಬ್ಬ ಎಳೆಯ ಪಿಚರ್‌ನನ್ನು ಅಟ್ಲಾಂಟಾಗೆ ಕೊಟ್ಟು 36 ವರ್ಷದ ಡಾಯ್ಲ್ ಅಲೆಕ್ಸಾಂಡರ್ ಅವರನ್ನು ತಂದಿತು. ಆ ಎಳೆಯ ಪಿಚರ್ ಜಾನ್ ಸ್ಮೋಲ್ಟ್ಜ್, ಮುಂದೆ ಹಾಲ್ ಆಫ್ ಫೇಮ್ ಸೇರಿದವರು. 'ಕೆಟ್ಟ ಟ್ರೇಡ್' ಪಟ್ಟಿಗಳಲ್ಲೆಲ್ಲ ಇದು ಇರುತ್ತದೆ. ಆದರೆ ಅಲೆಕ್ಸಾಂಡರ್ ಆ ಸೀಸನ್‌ನಲ್ಲಿ ಡೆಟ್ರಾಯಿಟ್‌ಗೆ 9 ಗೆದ್ದರು, ಒಂದೂ ಸೋಲಲಿಲ್ಲ. ಟೈಗರ್ಸ್ ತಮ್ಮ ಡಿವಿಷನ್ ಗೆದ್ದಿತು. ಅವರು ಕೇಳಿದ್ದು ಆ ವರ್ಷದ ಗೆಲುವು, ಅದು ಸಿಕ್ಕಿತು. ಅದನ್ನು ಪೆದ್ದುತನ ಅನ್ನುವುದು ಹೇಗೆ? 1990ರಲ್ಲಿ ಬಾಸ್ಟನ್ ಜೆಫ್ ಬ್ಯಾಗ್‌ವೆಲ್ ಅವರನ್ನು ಹ್ಯೂಸ್ಟನ್‌ಗೆ ಕೊಟ್ಟು ಲ್ಯಾರಿ ಆಂಡರ್ಸನ್ ಎಂಬ ರಿಲೀಫ್ ಪಿಚರ್‌ನನ್ನು ತಂದದ್ದೂ ಇದೇ ಜಾತಿ. ಬ್ಯಾಗ್‌ವೆಲ್ ಮುಂದೆ 449 ಹೋಮ್ ರನ್ ಹೊಡೆದರು. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಆ ದಿನ ಎರಡೂ ಕಡೆಯವರು ಆಟದ ಲೆಕ್ಕದಲ್ಲೇ ಕೈಕುಲುಕಿದ್ದರು.

ನಾನು ನೋಡುವುದು ಬೇರೆ. ಟ್ರೇಡ್ ಸುದ್ದಿ ಬಂದ ದಿನ ಒಂದೇ ಕೇಳಿಕೊಳ್ಳಿ: ಇದರಲ್ಲಿ ನಮ್ಮ ತಂಡಕ್ಕೆ ಬಂದದ್ದು ಆಟಗಾರರೋ, ಉಳಿದ ಸಂಬಳವೋ? ಆಟಗಾರರು ಬಂದಿದ್ದರೆ ಅದು ಟ್ರೇಡ್. ಉಳಿದ ಸಂಬಳವೇ ಮುಖ್ಯವಾಗಿದ್ದರೆ ಅದು ಮಾರಾಟ, ಹೆಸರು ಏನೇ ಕೊಡಲಿ.

ಬಾಸ್ಟನ್‌ಗೆ ಈ ಚಾಳಿ ಹಳೆಯದು. 1919ರ ಡಿಸೆಂಬರ್‌ನಲ್ಲಿ ತಂಡದ ಮಾಲೀಕ ಹ್ಯಾರಿ ಫ್ರೇಜಿ ಬೇಬ್ ರೂತ್ ಅವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟರು. ಬದಲಿಗೆ ಆಟಗಾರ ಯಾರೂ ಇಲ್ಲ. 1 ಲಕ್ಷ ಡಾಲರ್ ನಗದು, ಮೇಲೆ 3 ಲಕ್ಷ ಡಾಲರ್ ಸಾಲ, ಅದಕ್ಕೆ ಫೆನ್ವೇ ಪಾರ್ಕೇ ಅಡಮಾನ. ಫ್ರೇಜಿ ಪರವಾಗಿ ಹೇಳುವವರೂ ಇದ್ದಾರೆ. ರೂತ್ ತಮ್ಮ 10,000 ಡಾಲರ್ ಸಂಬಳವನ್ನು ದುಪ್ಪಟ್ಟು ಮಾಡಿ ಅಂತ ಹಟ ಹಿಡಿದಿದ್ದರು, ಶಿಸ್ತು ಇರಲಿಲ್ಲ, ಲೀಗ್ ಅಧ್ಯಕ್ಷರ ಜೊತೆಗಿನ ಜಗಳದಿಂದ ಫ್ರೇಜಿಗೆ ವ್ಯವಹಾರ ಮಾಡಲು ಉಳಿದದ್ದೇ ಒಂದೆರಡು ತಂಡ. ಇವೆಲ್ಲ ನಿಜವೇ. ಆದರೂ 29 ಹೋಮ್ ರನ್ ಹೊಡೆದು ಆಗಷ್ಟೇ ದಾಖಲೆ ಮಾಡಿದ, ಇನ್ನೂ 25 ತುಂಬದ ಹುಡುಗ. ಮರುವರ್ಷ ನ್ಯೂಯಾರ್ಕ್‌ನಲ್ಲಿ 54 ಹೊಡೆದರು. ಲೀಗ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದ ಜಾರ್ಜ್ ಸಿಸ್ಲರ್ ಹೊಡೆದದ್ದು 19. ಅಲ್ಲಿವರೆಗೆ ಒಮ್ಮೆಯೂ ಲೀಗ್ ಗೆಲ್ಲದ ಯಾಂಕೀಸ್ 1921ರಲ್ಲಿ ಗೆದ್ದಿತು, 1923ರಲ್ಲಿ ವರ್ಲ್ಡ್ ಸೀರೀಸನ್ನೂ ಎತ್ತಿತು. ರೂತ್ ಅವರನ್ನು ಮಾರಿದ ಶಾಪದಿಂದಲೇ ಬಾಸ್ಟನ್ 2004ರವರೆಗೆ ಗೆಲ್ಲಲಿಲ್ಲ ಅನ್ನುತ್ತಾರೆ. ಶಾಪ ಗೀಪ ಎಲ್ಲ ಸುಮ್ನೆ. ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರಾಗಿ ನ್ಯೂಯಾರ್ಕ್‌ಗೆ ಮಾರಿದರೆ ತಂಡ ಸೋಲುತ್ತದೆ, ಅದಕ್ಕೆ ಶಾಪ ಯಾಕೆ ಬೇಕು?

ಬೆಟ್ಸ್ ವಿಷಯಕ್ಕೆ ಬರೋಣ. 2011ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಕಾರ್ಯಕ್ರಮ) ಐದನೇ ಸುತ್ತಿನಲ್ಲಿ ಬಾಸ್ಟನ್ ಆರಿಸಿಕೊಂಡು ಬೆಳೆಸಿದ ಹುಡುಗ. 2018ರಲ್ಲಿ ಸರಾಸರಿ .346, 32 ಹೋಮ್ ರನ್, 30 ಬೇಸ್ ಕದ್ದರು. ಅಮೆರಿಕನ್ ಲೀಗ್ ಎಂವಿಪಿ, ಅಂದರೆ ವರ್ಷದ ಅತಿ ಮೌಲ್ಯಯುತ ಆಟಗಾರ. ಅದೇ ವರ್ಷ ವರ್ಲ್ಡ್ ಸೀರೀಸ್. ರೈಟ್ ಫೀಲ್ಡ್‌ನಲ್ಲಿ ಅವರು ನಿಂತರೆ ಆ ಕಡೆ ಚಿಂತೆಯೇ ಇರಲಿಲ್ಲ. 2020ರ ಕೊನೆಗೆ ಅವರು ಫ್ರೀ ಏಜೆಂಟ್ ಆಗಬೇಕಿತ್ತು. 2020ರ ಫೆಬ್ರವರಿಯಲ್ಲಿ ಬಾಸ್ಟನ್ ಅವರನ್ನು ಡಾಡ್ಜರ್ಸ್‌ಗೆ ಕಳಿಸಿತು. ಜೊತೆಗೆ ಪಿಚರ್ ಡೇವಿಡ್ ಪ್ರೈಸ್. ಬಂದವರು ಅಲೆಕ್ಸ್ ವರ್ಡೂಗೋ, ಜೀಟರ್ ಡೌನ್ಸ್, ಕಾನರ್ ವಾಂಗ್.

ನೀವು ಗಮನಿಸಬೇಕಾದ್ದು ಪ್ರೈಸ್ ಅವರನ್ನು. ಆ ಟ್ರೇಡ್‌ನಲ್ಲಿ ಅವರು ಯಾಕಿದ್ದರು? ಅವರಿಗೆ ಇನ್ನೂ 3 ವರ್ಷ, 9.6 ಕೋಟಿ ಡಾಲರ್ ಕೊಡುವುದು ಬಾಕಿ ಇತ್ತು. ಅದರಲ್ಲಿ ಅರ್ಧವನ್ನು ಡಾಡ್ಜರ್ಸ್ ತಲೆಗೆ ದಾಟಿಸಿದರು. ಬೆಟ್ಸ್‌ರಂಥವರನ್ನು ಕೊಟ್ಟರೆ ಎದುರಿನವರು ಒಳ್ಳೆಯ ಎಳೆಯ ಆಟಗಾರರನ್ನು ಕೊಡುತ್ತಾರೆ. ಆದರೆ 'ಈ ಸಂಬಳದ ಹೊರೆಯನ್ನೂ ಹೊತ್ತುಕೊಳ್ಳಿ' ಅಂದ ಕೂಡಲೇ ಕೊಡುವುದು ಕಡಿಮೆಯಾಗುತ್ತದೆ. ಆಗಿದ್ದೂ ಅಷ್ಟೇ.

ಇದರ ಹಿಂದಿರುವುದು ಲಗ್ಝುರಿ ಟ್ಯಾಕ್ಸ್. ಬೇಸ್‌ಬಾಲ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇಲ್ಲ. ಒಂದು ಗೆರೆ ಇದೆ, ದಾಟಿದರೆ ದಾಟಿದಷ್ಟಕ್ಕೆ ತೆರಿಗೆ. 2020ರಲ್ಲಿ ಗೆರೆ ಇದ್ದದ್ದು 20.8 ಕೋಟಿ ಡಾಲರ್‌ಗೆ. ಮೊದಲ ವರ್ಷ ದಾಟಿದರೆ ಶೇ 20, ಸತತ ಎರಡನೇ ವರ್ಷ ಶೇ 30, ಮೂರನೇ ವರ್ಷ ಶೇ 50. ಒಂದು ವರ್ಷ ಗೆರೆಯ ಕೆಳಗಿಳಿದರೆ ಮತ್ತೆ 20ರಿಂದ ಎಣಿಕೆ. ಬಾಸ್ಟನ್ 2018, 2019 ಎರಡೂ ವರ್ಷ ದಾಟಿತ್ತು. ಮೂರನೆಯದಕ್ಕೆ ಇಳಿಯಬೇಕು ಅಂತ ಮನಸ್ಸು ಮಾಡಿತು.

'ಹೇಗೂ ವರ್ಷದ ಕೊನೆಗೆ ಹೋಗುತ್ತಿದ್ದರು, ಬರಿಗೈ ಆಗುವ ಬದಲು ಏನಾದರೂ ಸಿಕ್ಕಿತಲ್ಲ' ಅಂತ ಆಗ ಬಹಳ ಜನ ಹೇಳಿದರು. ಕ್ಲೀವ್‌ಲ್ಯಾಂಡ್‌ನಂಥ ಸಣ್ಣ ಮಾರುಕಟ್ಟೆಯ ತಂಡ ಹೀಗೆ ಹೇಳಿದರೆ ನಾನು ತಲೆಯಾಡಿಸುತ್ತೇನೆ. ಅವರು 2021ರ ಜನವರಿಯಲ್ಲಿ ಫ್ರಾನ್ಸಿಸ್ಕೋ ಲಿಂಡೋರ್ ಅವರನ್ನು ಮೆಟ್ಸ್‌ಗೆ ಕೊಟ್ಟರು. ಮೆಟ್ಸ್ ಅವರಿಗೆ 34.1 ಕೋಟಿ ಡಾಲರ್ ಕೊಟ್ಟಿತು, ಕ್ಲೀವ್‌ಲ್ಯಾಂಡ್‌ಗೆ ಅದು ಆಗದ ಮಾತು. ಬಾಸ್ಟನ್‌ಗೆ ಆಗದ ಮಾತಾ? ದೇಶದಲ್ಲೇ ಅತಿ ದುಬಾರಿ ಟಿಕೆಟ್ ಮಾರುವ ತಂಡಗಳಲ್ಲಿ ಒಂದು, ಸ್ವಂತ ಟಿವಿ ಚಾನೆಲ್‌ನಲ್ಲಿ ಪಾಲು ಇರುವ ತಂಡ. ಬೆಟ್ಸ್ 2020ರ ಜುಲೈನಲ್ಲಿ ಡಾಡ್ಜರ್ಸ್ ಜೊತೆ 12 ವರ್ಷಕ್ಕೆ 36.5 ಕೋಟಿ ಡಾಲರ್ ಕರಾರಿಗೆ ಸಹಿ ಹಾಕಿದರು. ಅಲ್ಲಿ 2020, 2024, 2025 ಮೂರು ವರ್ಲ್ಡ್ ಸೀರೀಸ್ ಗೆದ್ದರು. ಮೂವತ್ತು ದಾಟಿದ ಮೇಲೆ, ತಂಡಕ್ಕೆ ಬೇಕು ಅಂತ ಔಟ್‌ಫೀಲ್ಡ್ ಬಿಟ್ಟು ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡಿದರು. ಅಂಥ ಬದಲಾವಣೆ ಆ ವಯಸ್ಸಿನಲ್ಲಿ ಯಾರೂ ಮಾಡುವುದಿಲ್ಲ. ಇತ್ತ ವರ್ಡೂಗೋ ಮೊದಲೆರಡು ವರ್ಷ ಚೆನ್ನಾಗೇ ಆಡಿದರು, ಆಮೇಲೆ ಅವರನ್ನು ಯಾಂಕೀಸ್‌ಗೆ ಟ್ರೇಡ್ ಮಾಡಿದರು. ಡೌನ್ಸ್ ಅವರನ್ನು ಎರಡೂವರೆ ಮೂರು ವರ್ಷದಲ್ಲಿ ಕೈಬಿಟ್ಟರು. ಹಾಲು ಕೊಡುವ ಹಸು ಮಾರಿ ಮೂರು ಕರು ತಂದಂತಾಯಿತು, ಅದೂ ಹಟ್ಟಿಯಲ್ಲಿ ಮೇವಿಗೆ ಬರ ಇಲ್ಲದಿದ್ದಾಗ.

ವರ್ಡೂಗೋ ಸ್ಟಾರ್ ಆಗಿದ್ದರೂ ನನ್ನ ಅಭಿಪ್ರಾಯ ಬದಲಾಗುತ್ತಿರಲಿಲ್ಲ. 2021ರಲ್ಲಿ ಬೆಟ್ಸ್ ಇಲ್ಲದೆಯೂ ಬಾಸ್ಟನ್ ಅಮೆರಿಕನ್ ಲೀಗ್ ಫೈನಲ್‌ವರೆಗೆ ಹೋಗಿತ್ತು. ಆಗಲೂ ನಾನು ಇದನ್ನೇ ಹೇಳುತ್ತಿದ್ದೆ.

ಡೆವರ್ಸ್ ವಿಷಯ ಇಷ್ಟು ಸಲೀಸಲ್ಲ. 2023ರ ಜನವರಿಯಲ್ಲಿ ಬಾಸ್ಟನ್ ಅವರಿಗೆ 10 ವರ್ಷಕ್ಕೆ 31.35 ಕೋಟಿ ಡಾಲರ್ ಕೊಟ್ಟಿತು. ಬೆಟ್ಸ್ ಹೋದ ಗಾಯಕ್ಕೆ ಮುಲಾಮು ಅಂತಲೇ ಎಲ್ಲರೂ ತಿಳಿದರು. 2025ರ ಫೆಬ್ರವರಿಯಲ್ಲಿ ಅಲೆಕ್ಸ್ ಬ್ರೆಗ್‌ಮನ್ ಅವರನ್ನು 3 ವರ್ಷಕ್ಕೆ 12 ಕೋಟಿ ಡಾಲರ್ ಕೊಟ್ಟು ಕರೆತಂದರು. ಬ್ರೆಗ್‌ಮನ್ ಆಡುವುದೂ ಥರ್ಡ್ ಬೇಸ್. ಡೆವರ್ಸ್‌ಗೆ 'ನೀವು ಇನ್ನು ಬ್ಯಾಟ್ ಮಾಡಿದರೆ ಸಾಕು, ಗ್ಲವ್ ಬೇಡ' ಅಂದರು. ಅವರಿಗೆ ಮುಖಭಂಗ ಆಯಿತು. ಹೇಗೋ ಒಪ್ಪಿದರು. ಮೇ ತಿಂಗಳಲ್ಲಿ ಫಸ್ಟ್ ಬೇಸ್‌ನ ಟ್ರಿಸ್ಟನ್ ಕಸಾಸ್ ಮೊಣಕಾಲಿಗೆ ದೊಡ್ಡ ಪೆಟ್ಟು ಬಿತ್ತು. ಆಗ 'ಗ್ಲವ್ ತಗೊಳ್ಳಿ, ಫಸ್ಟ್ ಬೇಸ್‌ಗೆ ಬನ್ನಿ' ಅಂತ ಕೇಳಿದರು. ಡೆವರ್ಸ್ ಪತ್ರಕರ್ತರ ಎದುರೇ ಆಗಲ್ಲ ಅಂದರು. ಮಾಲೀಕ ಜಾನ್ ಹೆನ್ರಿ ಕ್ಯಾನ್ಸಸ್ ಸಿಟಿಗೆ ವಿಮಾನ ಹತ್ತಿ ಹೋಗಿ ಮಾತಾಡಬೇಕಾಯಿತು. ಒಂದು ತಿಂಗಳಲ್ಲಿ ಟ್ರೇಡ್.

ತಂಡದವರು ಮಾತಾಡಿದ ರೀತಿ ಸರಿ ಇರಲಿಲ್ಲ. ಹತ್ತು ವರ್ಷಕ್ಕೆ ಸಹಿ ಹಾಕಿಸಿಕೊಂಡ ಆಟಗಾರನ ಜಾಗಕ್ಕೆ ಇನ್ನೊಬ್ಬರನ್ನು ತರುವ ಮುಂಚೆ ಕೂರಿಸಿ ಹೇಳಬೇಕಿತ್ತು. ಆದರೆ ಡೆವರ್ಸ್ ಕೂಡ ತಪ್ಪು ಮಾಡಿದರು. ಅಷ್ಟು ಸಂಬಳ ತರುವವರು, ತಂಡದಲ್ಲಿ ಒಬ್ಬ ಬಿದ್ದಾಗ, ಫಸ್ಟ್ ಬೇಸ್‌ಗೆ ಹೋಗಿ ನಿಲ್ಲಬೇಕು. ಬೆಟ್ಸ್ ನಿಲ್ಲುತ್ತಿದ್ದರು. ವಿಚಿತ್ರ ಏನಂದರೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ಮೇಲೆ ಡೆವರ್ಸ್ ಅದೇ ಫಸ್ಟ್ ಬೇಸ್ ಆಡಿದರು!

ಆದರೂ ನನ್ನ ಪರೀಕ್ಷೆಗೆ ಹಾಕಿದರೆ ಇದೂ ಮಾರಾಟವೇ. ಬಾಕಿ ಇದ್ದ 25 ಕೋಟಿ ಡಾಲರ್‌ಗಿಂತ ಜಾಸ್ತಿ ಸಂಬಳವನ್ನು ಜೈಂಟ್ಸ್ ಪೂರ್ತಿ ಹೊತ್ತುಕೊಂಡಿತು. ಬಾಸ್ಟನ್‌ಗೆ ಬಂದವರು ಪಿಚರ್‌ಗಳಾದ ಜೋರ್ಡನ್ ಹಿಕ್ಸ್, ಕೈಲ್ ಹ್ಯಾರಿಸನ್, ಹೋಸೆ ಬೆಯೋ ಮತ್ತು ಔಟ್‌ಫೀಲ್ಡರ್ ಜೇಮ್ಸ್ ಟಿಬ್ಸ್. ಹಿಕ್ಸ್ ಬಂದ ಮೇಲೆ ಹೊಡೆಸಿಕೊಂಡದ್ದೇ ಹೆಚ್ಚು. ಟಿಬ್ಸ್ ಅವರನ್ನು ಆರೇಳು ವಾರದಲ್ಲಿ ಡಾಡ್ಜರ್ಸ್‌ಗೆ ಕೊಟ್ಟು ಪಿಚರ್ ಡಸ್ಟಿನ್ ಮೇ ಅವರನ್ನು ತಂದರು. ಉಳಿದ ಸಂಬಳದಲ್ಲಿ ಜುಲೈ 31ರ ಗಡುವಿನೊಳಗೆ ಒಬ್ಬ ದೊಡ್ಡ ಬ್ಯಾಟರ್ ಬಂದಿದ್ದರೆ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಬರಲಿಲ್ಲ. 89 ಪಂದ್ಯ ಗೆದ್ದು ಪ್ಲೇಆಫ್ ಸೇರಿದರು, ಮೊದಲ ಸುತ್ತಿನಲ್ಲೇ ಯಾಂಕೀಸ್ ಎದುರು 2-1ರಿಂದ ಮನೆಗೆ. ಆ ಮೂರು ಪಂದ್ಯ ನೋಡಿದವರಿಗೆ ಏನು ಕೊರತೆ ಅಂತ ಹೇಳಬೇಕಾಗಿಲ್ಲ. ಜೈಂಟ್ಸ್‌ಗೇನೂ ಲಾಟರಿ ಹೊಡೆಯಲಿಲ್ಲ ಅನ್ನಿ. 81 ಗೆಲುವು, 81 ಸೋಲು, ಪ್ಲೇಆಫ್ ಇಲ್ಲ. ಡೆವರ್ಸ್ ಮಾತ್ರ ಎರಡೂ ತಂಡ ಸೇರಿ 35 ಹೋಮ್ ರನ್ ಹೊಡೆದರು. ಇನ್ನೊಂದು ತಮಾಷೆ ಇದೆ. ಎರಡು ತಂಡಗಳ ವೇಳಾಪಟ್ಟಿ ಬೇರೆ ಬೇರೆ ಇದ್ದುದರಿಂದ, 162 ಪಂದ್ಯಗಳ ಸೀಸನ್‌ನಲ್ಲಿ ಅವರು 163 ಪಂದ್ಯ ಆಡಿದರು. ಇದನ್ನು ನಿಮ್ಮ ಮಗ ಶಾಲೆಯಲ್ಲಿ ಒಗಟಾಗಿ ಕೇಳಬಹುದು.

ಹಾಗಂತ ಈಗಿನ ಆಫೀಸಿಗೆ ಟ್ರೇಡ್ ಮಾಡಲು ಬರುವುದೇ ಇಲ್ಲ ಅನ್ನಲಾಗದು. 2024ರ ಡಿಸೆಂಬರ್‌ನಲ್ಲಿ ನಾಲ್ವರು ಎಳೆಯ ಆಟಗಾರರನ್ನು ಶಿಕಾಗೋ ವೈಟ್ ಸಾಕ್ಸ್‌ಗೆ ಕೊಟ್ಟು ಗ್ಯಾರೆಟ್ ಕ್ರೋಶೆ ಅವರನ್ನು ತಂದರು. ತಂದು ಸುಮ್ಮನಿರಲಿಲ್ಲ, 6 ವರ್ಷಕ್ಕೆ 17 ಕೋಟಿ ಡಾಲರ್ ಕೊಟ್ಟು ಉಳಿಸಿಕೊಂಡರು. 2025ರಲ್ಲಿ ಅವರು ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮತದಾನದಲ್ಲಿ ಎರಡನೇ ಸ್ಥಾನ ಪಡೆದರು. ಕೊಟ್ಟವರಲ್ಲಿ ಕ್ಯಾಚರ್ ಕೈಲ್ ಟೀಲ್ ಒಳ್ಳೆಯ ಆಟಗಾರ, ಮುಂದೆ ಮಿಂಚಬಹುದು. ಮಿಂಚಲಿ. ಎರಡೂ ಕಡೆಯವರು ಖುಷಿಯಾಗಿದ್ದರೆ ನಮಗೇನು ಕಷ್ಟ?

ಆಟಗಾರರ ಕಡೆಯಿಂದ ಇದು ಹೇಗಿರುತ್ತದೆ ಅನ್ನುವುದಕ್ಕೆ ಎರಡು ಘಟನೆ ಹೇಳುತ್ತೇನೆ, ಹುಡುಗನಿಗೆ ಇಷ್ಟವಾಗುತ್ತವೆ. 2015ರ ಜುಲೈ 29ರಂದು ಮೆಟ್ಸ್‌ನ ವಿಲ್ಮರ್ ಫ್ಲೋರೆಸ್ ಆಟದ ನಡುವೆ ಮೈದಾನದಲ್ಲೇ ಅಳುತ್ತಿದ್ದರು. ತಮ್ಮನ್ನು ಮಿಲ್ವಾಕಿಗೆ ಟ್ರೇಡ್ ಮಾಡಿದ್ದಾರೆ ಅನ್ನುವ ಸುದ್ದಿ ಪ್ರೇಕ್ಷಕರ ಫೋನಿನಲ್ಲಿ ಬಂದು ಅವರ ಕಿವಿಗೂ ಬಿದ್ದಿತ್ತು. ಹದಿಹರೆಯದಿಂದ ಆ ಒಂದೇ ತಂಡದಲ್ಲಿ ಇದ್ದವರು. ಆಮೇಲೆ ಆ ಟ್ರೇಡ್ ಮುರಿದುಬಿತ್ತು. ಎರಡು ದಿನ ಬಿಟ್ಟು ಅದೇ ಫ್ಲೋರೆಸ್ 12ನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ಮೆಟ್ಸ್‌ಗೆ ಪಂದ್ಯ ಗೆಲ್ಲಿಸಿದರು. ಬೇಸ್ ಸುತ್ತಿ ಬಂದು ಎದೆಯ ಮೇಲಿದ್ದ ತಂಡದ ಹೆಸರನ್ನು ಹಿಡಿದೆತ್ತಿ ತೋರಿಸಿದರು. 2025ರಲ್ಲಿ ಡೆವರ್ಸ್ ಜೈಂಟ್ಸ್‌ಗೆ ಹೋದಾಗ ಅಲ್ಲಿ ಈ ಫ್ಲೋರೆಸ್ ಇದ್ದರು.

ಇನ್ನೊಂದು ನಿಮ್ಮ ಫೆನ್ವೇಯಲ್ಲೇ ಆದದ್ದು. 2024ರ ಜೂನ್ 26ರಂದು ಟೊರಾಂಟೊ ತಂಡದ ಡ್ಯಾನಿ ಜಾನ್ಸನ್ ಬ್ಯಾಟ್ ಮಾಡುತ್ತಿದ್ದಾಗ ಮಳೆ ಬಂದು ಪಂದ್ಯ ನಿಂತಿತು. ಜುಲೈನಲ್ಲಿ ಅವರನ್ನು ಬಾಸ್ಟನ್‌ಗೆ ಟ್ರೇಡ್ ಮಾಡಿದರು. ಆಗಸ್ಟ್ 26ರಂದು ಆ ಪಂದ್ಯ ನಿಂತಲ್ಲಿಂದ ಮತ್ತೆ ಶುರುವಾಯಿತು. ಅಷ್ಟರಲ್ಲಿ ಜಾನ್ಸನ್ ಬಾಸ್ಟನ್‌ನ ಕ್ಯಾಚರ್ ಆಗಿದ್ದರು. ಅವರು ಅರ್ಧಕ್ಕೆ ಬಿಟ್ಟಿದ್ದ ಬ್ಯಾಟಿಂಗನ್ನು ಟೊರಾಂಟೊದ ಇನ್ನೊಬ್ಬರು ಬಂದು ಮುಗಿಸುವಾಗ ಹಿಂದೆ ಕೂತು ಚೆಂಡು ಹಿಡಿಯುತ್ತಿದ್ದವರು ಅವರೇ! ಒಂದೇ ಪಂದ್ಯದಲ್ಲಿ ಎರಡೂ ತಂಡಕ್ಕೆ ಆಡಿದ ಮೊದಲ ಮೇಜರ್ ಲೀಗ್ ಆಟಗಾರ.

ಜೆರ್ಸಿ ಪ್ರಶ್ನೆ ಉಳಿಯಿತು. ಹೊಸದು ಕೊಳ್ಳಲೇಬೇಕು ಅಂದರೆ ರೋಮನ್ ಆಂಟನಿ. 2025ರ ಆಗಸ್ಟ್‌ನಲ್ಲಿ 8 ವರ್ಷಕ್ಕೆ 13 ಕೋಟಿ ಡಾಲರ್ ಕರಾರು ಮಾಡಿಕೊಂಡ 21 ವರ್ಷದ ಹುಡುಗ, ಒಳ್ಳೆಯ ಚೆಂಡಿಗೆ ಕಾಯುವ ತಾಳ್ಮೆ ಆ ವಯಸ್ಸಿಗೆ ಅಪರೂಪ. ಅವರನ್ನೂ ಕಳಿಸಿಬಿಟ್ಟರೆ ಅಂತ ಭಯ ಇದ್ದರೆ ಪೆಡ್ರೋ ಅವರ 45 ಅಥವಾ ಡೇವಿಡ್ ಒರ್ಟೀಜ್ ಅವರ 34 ತಗೊಳ್ಳಿ. ನಿವೃತ್ತರಾದವರನ್ನು ಯಾರೂ ಟ್ರೇಡ್ ಮಾಡಲಾರರು.

ಆದರೆ ಡೆವರ್ಸ್ ಜೆರ್ಸಿಯನ್ನು ಯಾಕೆ ಬಿಡಬೇಕು? ಬೆಟ್ಸ್ 2023ರ ಆಗಸ್ಟ್‌ನಲ್ಲಿ ಡಾಡ್ಜರ್ಸ್ ಜೊತೆ ಮೊದಲ ಸಲ ಫೆನ್ವೇಗೆ ವಾಪಸ್ ಬಂದಾಗ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಬಾಸ್ಟನ್ ಜನ ಮಾಲೀಕರ ಸಿಟ್ಟನ್ನು ಆಟಗಾರರ ಮೇಲೆ ತೀರಿಸುವುದಿಲ್ಲ. ಡೆವರ್ಸ್ ಹೋದ ರೀತಿಗೆ ಸ್ವಲ್ಪ ಕೂಗಾಟ ಇರಬಹುದು, ಇರಲಿ ಬಿಡಿ. 2018ರ ಗೆಲುವಿನಲ್ಲಿ ಅವರದ್ದೂ ಪಾಲಿದೆ. ಈಗಿನ ವೇಳಾಪಟ್ಟಿಯಲ್ಲಿ ಎಲ್ಲ ತಂಡಗಳೂ ಪ್ರತಿ ವರ್ಷ ಒಂದನ್ನೊಂದು ಎದುರಿಸುತ್ತವೆ. 2025ರಲ್ಲಿ ಬಾಸ್ಟನ್ ಅಲ್ಲಿಗೆ ಹೋಗಿತ್ತು, ಟ್ರೇಡ್ ಆಗಿ ಒಂದು ವಾರವೂ ಆಗಿರಲಿಲ್ಲ, ಡೆವರ್ಸ್ ಹಳೆಯ ತಂಡಕ್ಕೇ ಹೋಮ್ ರನ್ ಹೊಡೆದರು. 2026ರಲ್ಲಿ ಜೈಂಟ್ಸ್ ಫೆನ್ವೇಗೆ ಬರುವ ಸರದಿ. ಟಿಕೆಟ್ ತೆಗೆದುಕೊಳ್ಳುವಾಗ ಥರ್ಡ್ ಬೇಸ್ ಕಡೆ ತಗೊಳ್ಳಿ, ಹೊರಗಿನ ತಂಡ ಕೂರುವುದು ಆ ಬದಿಗೆ. ಗೇಟು ತೆರೆಯುವ ಹೊತ್ತಿಗೇ ಹೋಗಿ. ಆಗ ಸಾಮಾನ್ಯವಾಗಿ ಹೊರಗಿನ ತಂಡದವರ ಬ್ಯಾಟಿಂಗ್ ಅಭ್ಯಾಸ ನಡೆಯುತ್ತಿರುತ್ತದೆ. ಮಗನಿಗೆ ಆ ಜೆರ್ಸಿ ಹಾಕಿಸಿ, ಕೈಗೊಂದು ಚೆಂಡು ಮತ್ತು ಪೆನ್ನು ಕೊಟ್ಟು ಮುಂದಿನ ಸಾಲಿಗೆ ಕಳಿಸಿ.